ಡ್ಯಾಶ್‌ಬೋರ್ಡ್ ಒಳಗಿನ ಟಕ್ ಟಕ್: ಫ್ಲಾಪ್ ಮೋಟಾರನ್ನು ನಾವೇ ಬದಲಾಯಿಸಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ವಾಸ. ನಮ್ಮ ಕಾರಿಗೆ ಎಂಟು ವರ್ಷ. ತಾಪಮಾನವನ್ನು ಅಂಕಿಯಲ್ಲಿ ಆರಿಸಿಕೊಳ್ಳುವ ಆಟೋಮ್ಯಾಟಿಕ್ ಎಸಿ ಇದೆ. ಮೂರು ತಿಂಗಳಿಂದ ಕೀ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡ್ ಒಳಗೆ, ಎಡಗಡೆ ಕೂತವರ ಮೊಣಕಾಲಿನ ನೇರಕ್ಕೆ, ಗೋಡೆ ಗಡಿಯಾರದಂತೆ ಟಕ್ ಟಕ್ ಎಂಬ ಸದ್ದು ಬರುತ್ತಿದೆ. ಹದಿನೈದು ಸೆಕೆಂಡಿನಲ್ಲಿ ನಿಲ್ಲುತ್ತದೆ. 18 ಡಿಗ್ರಿಗೆ ಇಟ್ಟರೂ ಕೆಲವು ದಿನ ಉಗುರುಬೆಚ್ಚಗಿನ ಗಾಳಿಯೇ ಬರುತ್ತದೆ. ಎರಡು ಬಾರಿ ಗ್ಯಾಸ್ ತುಂಬಿಸಿದೆ, ಪ್ರಯೋಜನವಾಗಲಿಲ್ಲ. ಈಗ ಗ್ಯಾರೇಜಿನವರು ಡ್ಯಾಶ್‌ಬೋರ್ಡ್ ಇಳಿಸಿ ಎಸಿ ಬಾಕ್ಸನ್ನು ಪೂರ್ತಿ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಮನೆಯ ಸಣ್ಣಪುಟ್ಟ ವೈರಿಂಗ್, ಪಂಪ್ ರಿಪೇರಿ ಮಾಡಿ ನನಗೆ ಅಭ್ಯಾಸವಿದೆ. ಇದು ನಾನೇ ಮಾಡಬಹುದಾದ ಕೆಲಸವೇ?

ಉತ್ತರ: ಡ್ಯಾಶ್‌ಬೋರ್ಡ್ ಇಳಿಸಲು ಸದ್ಯಕ್ಕೆ ಒಪ್ಪಬೇಡಿ. ನೀವು ವರ್ಣಿಸಿರುವ ಸದ್ದು ಹೆಚ್ಚಿನ ಸಂದರ್ಭಗಳಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಿಂದ ಬರುತ್ತದೆ. ಅದನ್ನು ಹಿಡಿದಿರುವುದು ಎರಡೋ ಮೂರೋ ಸ್ಕ್ರೂಗಳು. ಪಂಪ್ ಬಿಚ್ಚಿ ಜೋಡಿಸಬಲ್ಲವರು ಇದನ್ನೂ ಬಿಚ್ಚಿ ಜೋಡಿಸಬಲ್ಲರು. ಆದರೆ ಹೊಸದನ್ನು ಕೊಳ್ಳುವ ಮೊದಲು ಮಾಡಲೇಬೇಕಾದ ಒಂದು ಪರೀಕ್ಷೆ ಇದೆ. ಅದನ್ನು ಬಿಟ್ಟವರು ಇದೇ ಕೆಲಸವನ್ನು ಎರಡು ಸಲ ಮಾಡುತ್ತಾರೆ. ನಾನೂ ಒಮ್ಮೆ ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಡ್ಯಾಶ್‌ಬೋರ್ಡ್ ಹಿಂದಿನ ಎಸಿ ಬಾಕ್ಸ್ ಎಂಬ ಗೂಡಿನ ಒಳಗೆ ಏನು ನಡೆಯುತ್ತಿದೆ ಎಂದು ತಿಳಿದುಕೊಳ್ಳಿ. ಬ್ಲೋವರ್ ಫ್ಯಾನ್ ತಳ್ಳಿದ ಗಾಳಿ ಮೊದಲು ಕೂಲಿಂಗ್ ಕಾಯಿಲ್ ದಾಟಿ ತಣ್ಣಗಾಗುತ್ತದೆ. ಅದರ ಹಿಂದೆಯೇ ಹೀಟರ್ ಕೋರ್ ಇದೆ. ಎಂಜಿನ್ನಿನ ಬಿಸಿ ಕೂಲೆಂಟ್ ಹರಿಯುವ ಪುಟ್ಟ ರೇಡಿಯೇಟರ್ ಅದು. ತಣ್ಣಗಾದ ಗಾಳಿಯಲ್ಲಿ ಎಷ್ಟು ಪಾಲು ಈ ಬಿಸಿ ರೇಡಿಯೇಟರಿನ ಮೂಲಕ ಹೋಗಬೇಕು ಎಂಬುದನ್ನು ಒಂದು ಬಾಗಿಲು ತೀರ್ಮಾನಿಸುತ್ತದೆ. ನಮ್ಮ ಕಡೆ ಇದಕ್ಕೆ ಫ್ಲಾಪ್ ಎನ್ನುತ್ತಾರೆ. ನೀವು 18 ಕ್ಕೆ ಇಟ್ಟಾಗ ಫ್ಲಾಪ್ ಹೀಟರಿನ ದಾರಿಯನ್ನು ಪೂರ್ತಿ ಮುಚ್ಚಬೇಕು, 24 ಕ್ಕೆ ಇಟ್ಟಾಗ ತುಸು ತೆರೆಯಬೇಕು. ಹಾಗೆ ನೋಡಿದರೆ ಕಾರಿನ ಎಸಿಯಲ್ಲಿ ತಂಪು ಹೆಚ್ಚೂಕಡಿಮೆ ಆಗುವುದು ಬಹುಪಾಲು ಈ ಬಾಗಿಲಿನ ಕೆಲಸದಿಂದ. ಕೆಳಗಿನ ದರ್ಜೆಯ ಕಾರುಗಳಲ್ಲಿ ಇದನ್ನು ಎಳೆಯುವುದು ಸೈಕಲ್ ಬ್ರೇಕಿನಂಥ ಒಂದು ತಂತಿ. ಆಟೋಮ್ಯಾಟಿಕ್ ಎಸಿಯಲ್ಲಿ ಆ ಕೆಲಸಕ್ಕೆ ಮೋಟಾರ್ ಇರುತ್ತದೆ. ಆಕ್ಚುಯೇಟರ್, ಸರ್ವೋ, ಫ್ಲಾಪ್ ಮೋಟಾರ್ ಎಂದೆಲ್ಲ ಕರೆಯುವುದು ಇದನ್ನೇ.

ಆ ಪೆಟ್ಟಿಗೆಯ ಒಳಗೆ ಆಟಿಕೆ ಕಾರಿನಲ್ಲಿರುವಂಥ 12 ವೋಲ್ಟಿನ ಚಿಕ್ಕ ಮೋಟಾರ್ ಇರುತ್ತದೆ. ಅದರ ಮೂತಿಗೆ ಸ್ಕ್ರೂವಿನಾಕಾರದ ವರ್ಮ್ ಗೇರ್, ಅದಕ್ಕೆ ಕಚ್ಚಿಕೊಂಡ ಮೂರು ನಾಲ್ಕು ಪ್ಲಾಸ್ಟಿಕ್ ಗೇರುಗಳು, ಕೊನೆಗೆ ಫ್ಲಾಪನ್ನು ತಿರುಗಿಸುವ ಕಡ್ಡಿ. ಬಹಳಷ್ಟು ಮಾದರಿಗಳಲ್ಲಿ ಫ್ಲಾಪ್ ಎಲ್ಲಿದೆ ಎಂದು ಎಸಿಯನ್ನು ನಡೆಸುವ ಕಂಪ್ಯೂಟರಿಗೆ ವರದಿ ಮಾಡುವ ಸೆನ್ಸರ್ ಕೂಡ ಅಲ್ಲೇ ಇದೆ. ಗೇರಿನ ಒಂದೆರಡು ಹಲ್ಲು ಮುರಿದರೆ ಮೋಟಾರ್ ತಿರುಗುತ್ತದೆ, ಮುರಿದ ಜಾಗದಲ್ಲಿ ಗೇರ್ ಜಾರುತ್ತದೆ, ಮತ್ತೆ ಕಚ್ಚುತ್ತದೆ, ಮತ್ತೆ ಜಾರುತ್ತದೆ. ನಿಮಗೆ ಕೇಳಿಸುವ ಒಂದೊಂದು ಟಕ್ ಕೂಡ ಒಂದೊಂದು ಜಾರುವಿಕೆ. ಅನೇಕ ಕಾರುಗಳಲ್ಲಿ ಕೀ ಹಾಕಿದಾಗ ಕಂಪ್ಯೂಟರ್ ಫ್ಲಾಪನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಓಡಿಸಿ ಅದರ ಜಾಗವನ್ನು ಗುರುತಿಸಿಕೊಳ್ಳುತ್ತದೆ. ಗುರಿ ಮುಟ್ಟದಿದ್ದಾಗ ಕೆಲವು ಸೆಕೆಂಡು ಪ್ರಯತ್ನಿಸಿ ಕೈಬಿಡುತ್ತದೆ. ನಿಮ್ಮ ಹದಿನೈದು ಸೆಕೆಂಡಿನ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ. ಬಿಸಿ ಗಾಳಿಯ ಕಾರಣವೂ ಇದೇ ಇರಬಹುದು: ಫ್ಲಾಪ್ ಹಿಂದಿನ ದಿನ ಎಲ್ಲಿ ನಿಂತಿತೋ ಅಲ್ಲೇ ಉಳಿದು, ತಣ್ಣನೆಯ ಗಾಳಿಯನ್ನು ಹೀಟರ್ ಮತ್ತೆ ಬಿಸಿ ಮಾಡುತ್ತಿದೆ.

ಗ್ಯಾಸಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಎಸಿ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿಕೆ ಹುಡುಕದೆ, ಒತ್ತಡ ಅಳೆಯದೆ ಮೇಲಿಂದ ಮೇಲೆ ತುಂಬಿಸಿದರೆ ಗ್ಯಾಸ್ ಹೆಚ್ಚಾಗಿ ತಂಪು ಇನ್ನಷ್ಟು ಕುಗ್ಗುತ್ತದೆ, ಕಂಪ್ರೆಸರಿಗೂ ಪೆಟ್ಟು. ನೀವೇ ಪರೀಕ್ಷಿಸಿ: ಎಂಜಿನ್ ಚಾಲೂ ಇಟ್ಟು ಎಸಿಯನ್ನು ಹತ್ತು ನಿಮಿಷ ಓಡಿಸಿ, ಬಾನೆಟ್ ತೆರೆದು, ಫ್ಯಾನ್ ಮತ್ತು ಬೆಲ್ಟುಗಳಿಂದ ಕೈಯನ್ನು ದೂರವಿಟ್ಟುಕೊಂಡು, ಎಂಜಿನ್ ಕೋಣೆಯ ಹಿಂಗೋಡೆಯೊಳಗೆ ಹೋಗುವ ಎರಡು ಎಸಿ ಪೈಪುಗಳಲ್ಲಿ ದಪ್ಪಗಿನದನ್ನು ಮುಟ್ಟಿ. ಅದು ಮಣ್ಣಿನ ಮಡಕೆಯಂತೆ ತಣ್ಣಗಿದ್ದು ಬೆವರಿದ್ದರೆ ತಂಪು ತಯಾರಾಗುತ್ತಿದೆ. ತಯಾರಾದ ತಂಪು ನಿಮ್ಮನ್ನು ತಲುಪುತ್ತಿಲ್ಲ, ಅಷ್ಟೇ.

ಈಗ ಯಾವ ಮೋಟಾರ್ ಎಂದು ಗುರುತಿಸಬೇಕು. ನಿಮ್ಮ ಕಾರಿನಲ್ಲಿ ಕನಿಷ್ಠ ಮೂರು ಇರುವ ಸಂಭವವಿದೆ: ತಾಪಮಾನದ್ದು ಒಂದು, ಮುಖಕ್ಕೋ ಕಾಲಿಗೋ ಗಾಜಿಗೋ ಎಂದು ಗಾಳಿಯ ದಿಕ್ಕು ಬದಲಿಸುವುದು ಇನ್ನೊಂದು, ಹೊರಗಿನ ಗಾಳಿಯೋ ಒಳಗಿನದೇ ಸುತ್ತಬೇಕೋ ಎಂದು ನಿರ್ಧರಿಸುವ ರೀಸರ್ಕ್ಯುಲೇಷನ್ ಮೋಟಾರ್ ಮತ್ತೊಂದು. ರಾತ್ರಿ ಊರು ಮಲಗಿದ ಮೇಲೆ ಕಾರಿನಲ್ಲಿ ಕೂತು, ಎಂಜಿನ್ ಚಾಲೂ ಮಾಡದೆ ಕೀಯನ್ನು ಆನ್ ಸ್ಥಾನಕ್ಕಷ್ಟೇ ತಿರುಗಿಸಿ, ಬ್ಲೋವರನ್ನು ತೀರಾ ಕಡಿಮೆಗೆ ಇಡಿ. ಮೊದಲ ಸದ್ದು ನಿಲ್ಲುವ ತನಕ ಕಾಯಿರಿ. ಆಮೇಲೆ ತಾಪಮಾನವನ್ನು ಅತಿ ತಂಪಿನಿಂದ ಅತಿ ಬಿಸಿಗೆ ಬದಲಿಸಿ ಆಲಿಸಿ. ಸದ್ದು ಬರದಿದ್ದರೆ ಗಾಳಿಯ ದಿಕ್ಕಿನ ಬಟನ್ ಒತ್ತಿ. ಕೊನೆಗೆ ರೀಸರ್ಕ್ಯುಲೇಷನ್. ಯಾವುದನ್ನು ಒತ್ತಿದಾಗ ಟಕ್ ಟಕ್ ಬಂತೋ ಆ ಮೋಟಾರ್ ತಪ್ಪಿತಸ್ಥ. ಜಾಗವನ್ನು ಹಿಡಿಯಲು ಬೆರಳೇ ಸಾಕು; ಪೆಟ್ಟಿಗೆಯ ಮೇಲೆ ಬೆರಳಿಟ್ಟರೆ ನಾಡಿ ಬಡಿದಂತೆ ತಿಳಿಯುತ್ತದೆ.

ನಿಮ್ಮ ವಿಷಯದಲ್ಲಿ ಈ ಪರೀಕ್ಷೆಯನ್ನು ಒತ್ತಿ ಹೇಳಲು ಕಾರಣವಿದೆ. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಕಾರುಗಳಲ್ಲಿ ಬ್ಲೋವರ್ ಸಾಮಾನ್ಯವಾಗಿ ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ರೀಸರ್ಕ್ಯುಲೇಷನ್ ಮೋಟಾರ್ ಅದರ ಮೇಲ್ಭಾಗದಲ್ಲಿ. ನೀವು ಹೇಳಿದ ಜಾಗ ಅದಕ್ಕೂ ಹತ್ತಿರ. ಅದು ಕೆಟ್ಟು ಹೊರಗಿನ ಗಾಳಿಯ ಕಿಂಡಿ ತೆರೆದೇ ಉಳಿದಿದ್ದರೆ, ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಗಾಳಿಯನ್ನೇ ಎಸಿ ಸದಾ ತಂಪು ಮಾಡುತ್ತಿರಬೇಕಾಗುತ್ತದೆ. ಆಗಲೂ ನಿಮಗೆ ಸಿಗುವುದು ಉಗುರುಬೆಚ್ಚಗಿನ ಗಾಳಿಯೇ. ಎರಡೂ ಒಂದೇ ದೂರಿನಂತೆ ಕಂಡರೂ ಬಿಡಿಭಾಗ ಬೇರೆ.

ಇದೇ ಸದ್ದೆಂದು ಮೋಸಗೊಳಿಸುವ ಬೇರೆ ಸದ್ದುಗಳೂ ಇವೆ. ಬ್ಲೋವರ್ ವೇಗ ಹೆಚ್ಚಿಸಿದಂತೆ ಟಕ್ ಟಕ್ ಕೂಡ ಚುರುಕಾದರೆ ಅದು ಗೇರ್ ಅಲ್ಲ. ಫ್ಯಾನಿನ ರೆಕ್ಕೆಗೆ ಒಣಗಿದ ಎಲೆಯೋ ಕಡ್ಡಿಯೋ ಬಡಿಯುತ್ತಿದೆ. ಎಂಜಿನ್ ಕಡೆಯಿಂದ ಆಗಾಗ ಒಂದೇ ಒಂದು ‘ಟಪ್’ ಕೇಳಿದರೆ ಅದು ಕಂಪ್ರೆಸರ್ ಕ್ಲಚ್. ಅದರ ಪಾಡಿಗೆ ಬಿಡಿ.

ಮೋಟಾರ್ ಯಾವುದೆಂದು ತಿಳಿದ ಮೇಲೆ ಅದನ್ನು ಕಣ್ಣಿಂದ ಕಾಣಿರಿ. ಗ್ಲೋವ್ ಬಾಕ್ಸನ್ನು ಖಾಲಿ ಮಾಡಿ ಎರಡು ಬದಿಗಳನ್ನು ಒಳಕ್ಕೆ ಒತ್ತಿದರೆ ಬಹಳಷ್ಟು ಕಾರುಗಳಲ್ಲಿ ಅದು ಕೆಳಗೆ ಇಳಿಯುತ್ತದೆ. ಒಂದು ಬದಿಯಲ್ಲಿ ಬಾಕ್ಸ್ ಮೆಲ್ಲಗೆ ಇಳಿಯಲೆಂದು ಕಟ್ಟಿದ ಡ್ಯಾಂಪರ್ ದಾರ ಇದ್ದರೆ ಮೊದಲು ಅದನ್ನು ಬಿಡಿಸಿ. ತಾಪಮಾನದ ಮೋಟಾರ್ ಗೇರ್ ಲಿವರಿನ ಕನ್ಸೋಲ್ ಪಕ್ಕದಲ್ಲಿ, ಎಡ ಅಥವಾ ಬಲ ಪಾದದ ಜಾಗದಿಂದ ಕಾಣುವಂತೆ ಇರುವುದು ಹೆಚ್ಚು. ಮಲಗಿಕೊಂಡು ಟಾರ್ಚ್ ಹಾಕಿ ನೋಡಬೇಕು, ಮೊಬೈಲ್ ಕ್ಯಾಮೆರಾವನ್ನು ಒಳಗೆ ತೂರಿಸಿ ಫೋಟೊ ತೆಗೆಯಬೇಕು. ಅಮೆರಿಕದ ವಿಡಿಯೊಗಳನ್ನು ನೋಡಿ ಹುಡುಕುವುದಾದರೆ ಒಂದು ಮಾತು ನೆನಪಿರಲಿ: ಅಲ್ಲಿ ಸ್ಟೀರಿಂಗ್ ಎಡಗಡೆ ಇದೆ. ಕೆಲವು ಮಾದರಿಗಳಲ್ಲಿ ಎಸಿ ಬಾಕ್ಸ್ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುತ್ತದೆ, ಕೆಲವದರಲ್ಲಿ ಹಾಗಿರುವುದಿಲ್ಲ. ಅವರು ತೋರಿಸಿದ ಜಾಗದಲ್ಲಿ ಮೋಟಾರ್ ಇಲ್ಲವೆಂದು ಯಾವುದನ್ನೂ ಬಲವಂತವಾಗಿ ಕೀಳಬೇಡಿ.

ಉಪಕರಣ ಹೆಚ್ಚೇನೂ ಬೇಡ. ಕಾಂತವಿರುವ 2 ನೇ ನಂಬರಿನ ಸ್ಟಾರ್ ಸ್ಕ್ರೂ ಡ್ರೈವರ್, ಹಿಡಿ ಗಿಡ್ಡದಾಗಿರುವ ಇನ್ನೊಂದು, ಚಿಕ್ಕ ರ‍್ಯಾಚೆಟ್, 5.5, 7, 8 ಮತ್ತು 10 ಮಿಲಿಮೀಟರ್ ಸಾಕೆಟ್, ಟ್ರಿಮ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ತಲೆಗೆ ಕಟ್ಟುವ ಲೈಟು. ಕಾಲಿಡುವ ಜಾಗದಲ್ಲಿ ಒಂದು ಬಿಳಿ ಪಂಚೆ ಹಾಸಿ. ಜಾರಿಬಿದ್ದ ಸ್ಕ್ರೂ ಕಾರ್ಪೆಟ್ಟಿನಡಿ ಸೇರಿದರೆ ಅರ್ಧ ದಿನ ಹೋಗುತ್ತದೆ. ಜಪಾನ್ ಮೂಲದ ಕಾರುಗಳ ಸ್ಕ್ರೂ ತಲೆಗಳು ಸಾಮಾನ್ಯ ಸ್ಟಾರ್ ಅಳತೆಯಂತೆ ಕಂಡರೂ ತುಸು ಬೇರೆ. ಗಟ್ಟಿಯಾಗಿ ಒತ್ತಿ ಹಿಡಿಯದೆ ತಿರುಗಿಸಿದರೆ ತಲೆ ಸವೆಯುತ್ತದೆ.

ಕೈಹಾಕುವ ಮೊದಲು ಕೀ ತೆಗೆದು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಎಡಗಡೆಯ ಡ್ಯಾಶ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಏರ್‌ಬ್ಯಾಗ್ ಇರುತ್ತದೆ. ಕೆಲವು ಕಾರುಗಳಲ್ಲಿ ಚಾಲಕನ ಮೊಣಕಾಲಿನ ಬಳಿಯೂ ಇದೆ. ಬ್ಯಾಟರಿ ತೆಗೆದ ಮೇಲೂ ಅದರ ವ್ಯವಸ್ಥೆಯಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಕಾಯಬೇಕಾದ ಅವಧಿ ಒಂದೊಂದು ಕಾರಿಗೆ ಒಂದೊಂದು. ನಾನು ಎಲ್ಲ ಕಾರುಗಳಿಗೂ ಹತ್ತು ನಿಮಿಷ ಕಾಯುತ್ತೇನೆ. ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಹೊದಿಕೆಯ ತಂತಿ ಕಂಡರೆ ಅದು ಏರ್‌ಬ್ಯಾಗಿನದು. ಮುಟ್ಟಬೇಡಿ, ಮಲ್ಟಿಮೀಟರ್ ಚುಚ್ಚಬೇಡಿ. ಮೋಟಾರನ್ನು ತಲುಪಲು ಅದನ್ನು ಬಿಚ್ಚಲೇಬೇಕಾದ ಮಾದರಿ ನಿಮ್ಮದಾದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ತಿಳಿದವರಿಗೆ ಒಪ್ಪಿಸಿ.

ಮೋಟಾರಿನ ಕನೆಕ್ಟರನ್ನು ಕಳಚುವಾಗ ಅದರ ಲಾಕನ್ನು ಒತ್ತಿ ಪ್ಲಾಸ್ಟಿಕ್ ಭಾಗವನ್ನೇ ಹಿಡಿದು ಎಳೆಯಿರಿ, ತಂತಿಯನ್ನಲ್ಲ. ಎಂಟು ವರ್ಷ ಬಿಸಿಲು ಕಂಡ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ. ಸ್ಕ್ರೂ ತೆಗೆಯುವ ಮೊದಲು ಮೋಟಾರ್ ತಿರುಗಿಸುವ ಲಿವರ್ ಯಾವ ಕೋನದಲ್ಲಿದೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಬಳಿಕ ಮೋಟಾರನ್ನು ನೇರವಾಗಿ ಹೊರಕ್ಕೆಳೆಯಿರಿ.

ಈಗ ಆ ಪರೀಕ್ಷೆ. ಮೋಟಾರ್ ಕಳಚಿದ ಜಾಗದಲ್ಲಿ ಫ್ಲಾಪಿನ ಕಡ್ಡಿಯ ತುದಿ ಕಾಣುತ್ತದೆ. ಅದನ್ನು ಬೆರಳಿನಿಂದ, ಸಾಲದಿದ್ದರೆ ಇಕ್ಕಳದಿಂದ ಮೆಲ್ಲಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಸರಿಯಾಗಿರುವ ಫ್ಲಾಪ್ ಒಂದೇ ಹದದಲ್ಲಿ ಚಲಿಸಿ, ಎರಡು ತುದಿಯಲ್ಲೂ ಸ್ಪಂಜಿಗೆ ತಗುಲಿದಂತೆ ಮೆತ್ತಗೆ ನಿಲ್ಲುತ್ತದೆ. ನಡುವೆ ಎಲ್ಲಾದರೂ ಬಿಗಿಯಾದರೆ, ಕರಕರ ಎಂದರೆ, ಒಂದು ಕಡೆ ಪೂರ್ತಿ ಹೋಗದಿದ್ದರೆ ಏನೋ ಅಡ್ಡಿಯಿದೆ. ತಡೆಯಿಲ್ಲದೆ ಸುತ್ತುತ್ತಲೇ ಇದ್ದರೆ ಕಡ್ಡಿಯೇ ತುಂಡಾಗಿದೆ; ಆಗ ಮಾತ್ರ ಎಸಿ ಬಾಕ್ಸ್ ತೆರೆಯುವ ಮಾತಿಗೆ ಅರ್ಥ ಬರುತ್ತದೆ.

ಹಲವು ವರ್ಷಗಳ ಹಿಂದೆ ಒಂದು ಕುಟುಂಬದ ಕಾರಿನಲ್ಲಿ ಗಾಳಿಯ ದಿಕ್ಕಿನ ಮೋಟಾರ್ ಹೀಗೆಯೇ ಸದ್ದು ಮಾಡುತ್ತಿತ್ತು. ಹಳೆಯದನ್ನು ತೆಗೆದೆ, ಹೊಸದನ್ನು ಹಾಕಿದೆ, ಸದ್ದು ನಿಂತಿತು, ಕಳಿಸಿಕೊಟ್ಟೆ. ಇಪ್ಪತ್ತು ದಿನಕ್ಕೆ ಅದೇ ಸದ್ದಿನೊಂದಿಗೆ ಮರಳಿ ಬಂದರು. ಮೋಟಾರ್ ಕಳಪೆ ಎಂದುಕೊಂಡೇ ಬಿಚ್ಚಿದೆ. ಆ ಸಲ ಫ್ಲಾಪನ್ನು ಕೈಯಿಂದ ತಿರುಗಿಸಿದಾಗ ಕೊನೆಯ ಕಾಲು ಭಾಗದಲ್ಲಿ ಅದು ಗಟ್ಟಿಯಾಗಿ ನಿಂತಿತು. ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಮುಂಗಾಜಿನ ಬುಡದಲ್ಲಿರುವ ಕಿಂಡಿಯ ಮೂಲಕ ಬಿದ್ದ ಊದುಬತ್ತಿಯ ಕಡ್ಡಿ ಫ್ಲಾಪಿನ ಸಂದಿಯಲ್ಲಿ ಅಡ್ಡಲಾಗಿ ಸಿಕ್ಕಿತ್ತು, ಸುತ್ತ ಒಣಗಿದ ಚೆಂಡು ಹೂವಿನ ಎಸಳುಗಳು, ನಾಲ್ಕಾರು ಅಕ್ಷತೆ ಕಾಳು. ಆಯುಧಪೂಜೆಯ ದಿನ ಡ್ಯಾಶ್‌ಬೋರ್ಡ್ ಮೇಲೆ ಏರಿಸಿದ್ದೆಲ್ಲ ಆ ಕಿಂಡಿಯಿಂದ ಒಳಗೆ ಇಳಿದಿತ್ತು. ಹೊಸ ಮೋಟಾರ್ ಇಪ್ಪತ್ತು ದಿನ ಆ ಕಡ್ಡಿಯನ್ನು ತಳ್ಳಿ ತಳ್ಳಿ ಹಲ್ಲು ಮುರಿದುಕೊಂಡಿತ್ತು. ಎರಡನೆಯ ಮೋಟಾರಿನ ಹಣವನ್ನು ನಾನೇ ಭರಿಸಿದೆ; ಅವರದೇನೂ ತಪ್ಪಿರಲಿಲ್ಲ. ಅಂದಿನಿಂದ ಫ್ಲಾಪನ್ನು ಕೈಯಿಂದ ತಿರುಗಿಸಿ ನೋಡದೆ ಹೊಸ ಮೋಟಾರಿನ ಡಬ್ಬಿಯನ್ನು ತೆರೆಯುವುದಿಲ್ಲ. ಪೂಜೆ ಮಾಡುವಾಗ ಆ ಕಿಂಡಿಯ ಮೇಲೊಂದು ಬಟ್ಟೆ ಹಾಸಿ ಎಂದು ಬಂದವರಿಗೆಲ್ಲ ಹೇಳುತ್ತೇನೆ, ನಿಮಗೂ ಹೇಳುತ್ತಿದ್ದೇನೆ.

ಅಡ್ಡಿ ಬೇರೆ ರೂಪದಲ್ಲೂ ಇರಬಹುದು. ರೀಸರ್ಕ್ಯುಲೇಷನ್ ಫ್ಲಾಪ್ ಸಾಮಾನ್ಯವಾಗಿ ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರಿಗಿಂತ ಮುಂಚೆ ಬರುವುದರಿಂದ ಮರದಡಿ ನಿಲ್ಲಿಸಿದ ಕಾರಿನ ಎಲೆಗಳು ನೇರ ಅದಕ್ಕೇ ಬಂದು ಸೇರುತ್ತವೆ. ಇಲಿ ಗೂಡು ಕಟ್ಟುವುದೂ ಆ ಸುತ್ತಲೇ; ಶೇಂಗಾ ಸಿಪ್ಪೆ, ಹತ್ತಿ, ಬಟ್ಟೆಯ ಚೂರುಗಳನ್ನು ಹಿಡಿಗಟ್ಟಲೆ ತೆಗೆದಿದ್ದೇನೆ. ತಂತಿಗಳನ್ನು ಇಲಿ ಕಡಿದಿದೆಯೇ ಎಂದೂ ಅದೇ ವೇಳೆ ನೋಡಿ. ಹಳೆಯ ಕಾರುಗಳಲ್ಲಿ ಫ್ಲಾಪಿನ ಅಂಚಿಗೆ ಅಂಟಿಸಿದ ಫೋಮ್ ಕರಗಿ ಅಂಟಂಟಾಗಿ ಫ್ಲಾಪನ್ನು ಹಿಡಿದುಕೊಳ್ಳುತ್ತದೆ; ಗಾಳಿಯ ಕಿಂಡಿಗಳಿಂದ ಕಪ್ಪು ಪುಡಿ ಹಾರಿಬರುತ್ತಿದ್ದರೆ ಅದೇ ಸುಳಿವು. ಕಡ್ಡಿಯ ಬುಡಕ್ಕೆ ಸಿಲಿಕೋನ್ ಗ್ರೀಸ್ ಅಕ್ಕಿಕಾಳಿನಷ್ಟು ಸಾಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಅದಕ್ಕೆ ಧೂಳು ಅಂಟುತ್ತದೆ, ಕೆಲವು ಪ್ಲಾಸ್ಟಿಕ್ಕುಗಳಿಗೆ ಅದು ಆಗಿಬರುವುದಿಲ್ಲ.

ಹೊಸ ಮೋಟಾರನ್ನು ಕೊಳ್ಳುವಾಗ ಹಳೆಯದರ ಚೀಟಿಯಲ್ಲಿರುವ ಸಂಖ್ಯೆಯನ್ನು ಅಂಗಡಿಯವರಿಗೆ ಕೊಡಿ. ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು. ಒಂದೇ ಕಾರಿನ ಮೂರು ಮೋಟಾರುಗಳು ನೋಡಲು ಅಕ್ಕತಂಗಿಯರಂತಿದ್ದು ಒಳಗೆ ಬೇರೆಯಾಗಿರುತ್ತವೆ. ಕನೆಕ್ಟರಿನಲ್ಲಿ ಎಷ್ಟು ತಂತಿ ಇವೆ ಎಂದೂ ಎಣಿಸಿಕೊಳ್ಳಿ. ಐದು ತಂತಿ ಇದ್ದರೆ ಸಾಮಾನ್ಯವಾಗಿ ಎರಡು ಮೋಟಾರಿಗೆ, ಮೂರು ಸೆನ್ಸರಿಗೆ. ಎರಡೇ ಇದ್ದರೆ ಸೆನ್ಸರ್ ಇಲ್ಲ, ಕಂಪ್ಯೂಟರ್ ಮೋಟಾರಿನ ಸುತ್ತುಗಳನ್ನು ಬೇರೆ ರೀತಿಯಲ್ಲಿ ಎಣಿಸಿಕೊಳ್ಳುತ್ತದೆ. ಮೂರಿದ್ದರೆ ಒಳಗೆ ಚಿಪ್ ಇರುವ ಸಂಭವ ಹೆಚ್ಚು. ಅಂಥದಕ್ಕೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟು ಪರೀಕ್ಷಿಸಿದರೆ ಸುಟ್ಟುಹೋಗಬಹುದು. ಹಳೆಯದನ್ನು ತೆರೆದು ಮುರಿದ ಹಲ್ಲಿಗೆ ಅಂಟು ಹಾಕುವ ಆಸೆ ನಿಮ್ಮಂಥ ಕೈಗೆಲಸದವರಿಗೆ ಬಂದೇ ಬರುತ್ತದೆ. ಆ ಪ್ಲಾಸ್ಟಿಕ್ ಜಾರುವ ಗುಣಕ್ಕೆಂದೇ ಆರಿಸಿದ್ದು, ಅಂಟು ಅದನ್ನು ಹಿಡಿಯುವುದಿಲ್ಲ.

ಜೋಡಿಸುವ ಹಂತದಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಹೊಸ ಮೋಟಾರಿನ ತುದಿ ಮತ್ತು ಫ್ಲಾಪಿನ ಕಡ್ಡಿ ಒಂದೇ ಕೋನದಲ್ಲಿ ಇರುವುದಿಲ್ಲ. ಆಗ ಮೋಟಾರಿನ ತುದಿಯನ್ನು ಇಕ್ಕಳ ಹಿಡಿದು ತಿರುಗಿಸಲು ಹೋಗಬೇಡಿ. ವರ್ಮ್ ಗೇರ್ ಹೊರಗಿನಿಂದ ತಿರುಗಿಸಿದರೆ ತಿರುಗುವುದಿಲ್ಲ, ಅದರ ಗುಣವೇ ಅದು. ಬಲ ಹಾಕಿದರೆ ಹೊಸ ಹಲ್ಲುಗಳೂ ಮುರಿಯುತ್ತವೆ. ಮೋಟಾರನ್ನು ಹಾಗೆಯೇ ಬಿಟ್ಟು ಫ್ಲಾಪನ್ನು ಕೈಯಿಂದ ಆ ಕೋನಕ್ಕೆ ತನ್ನಿ. ಎರಡೂ ಸಲೀಸಾಗಿ ಕೂತಾಗ ಪೆಟ್ಟಿಗೆ ಸಮತಟ್ಟಾಗಿ ನಿಲ್ಲುತ್ತದೆ; ಸ್ಕ್ರೂ ಎಳೆದು ಕೂರಿಸಬೇಕಾಗಿ ಬಂದರೆ ಎಲ್ಲೋ ತಪ್ಪಿದೆ. ಸ್ಕ್ರೂಗಳು ಕಚ್ಚುವುದು ಪ್ಲಾಸ್ಟಿಕ್ಕಿಗೆ, ಬಿಗಿ ಹತ್ತಿದ ಕೂಡಲೇ ನಿಲ್ಲಿಸಿ. ಮೋಟಾರ್ ಇನ್ನೂ ನೇತಾಡುತ್ತಿರುವಾಗ ನೋಡೋಣವೆಂದು ಕೀ ಹಾಕಲೂಬೇಡಿ. ತಡೆ ಸಿಗದೆ ಅದು ಎಲ್ಲೋ ಹೋಗಿ ನಿಲ್ಲುತ್ತದೆ, ಕಂಪ್ಯೂಟರ್ ಅದನ್ನೇ ತುದಿ ಎಂದು ಕಲಿತುಬಿಡಬಹುದು.

ಎಲ್ಲ ಕೂರಿಸಿದ ಮೇಲೆ ಬ್ಯಾಟರಿ ತಂತಿ ಹಾಕಿ, ಕೀಯನ್ನು ಆನ್ ಮಾಡಿ, ಯಾವ ಬಟನ್ನನ್ನೂ ಮುಟ್ಟದೆ ಒಂದೆರಡು ನಿಮಿಷ ಸುಮ್ಮನೆ ಕೂತಿರಿ. ಬ್ಯಾಟರಿ ತೆಗೆದಿದ್ದರಿಂದ ಹಲವು ಕಾರುಗಳು ಫ್ಲಾಪುಗಳ ತುದಿಗಳನ್ನು ತಾವಾಗಿಯೇ ಹೊಸದಾಗಿ ಕಲಿಯುತ್ತವೆ. ಜೇನು ಗುಂಯ್‌ಗುಟ್ಟಿದಂತೆ ಸಣ್ಣ ಸದ್ದು ಕೇಳಿ ನಿಲ್ಲಬೇಕು. ಕೆಲವು ಕಾರುಗಳಲ್ಲಿ ಇದಕ್ಕಾಗಿ ಎರಡು ಬಟನ್ನುಗಳನ್ನು ಒಟ್ಟಿಗೆ ಒತ್ತಬೇಕು, ಇನ್ನು ಕೆಲವಕ್ಕೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿ ನೋಡಿ. ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಿದೆಯೇ ಎಂದು ಮೊದಲು ನೋಡಿ. ಕಿಟಕಿಯ ಆಟೋ ಗುಂಡಿ, ಗಡಿಯಾರ ಮುಂತಾದವನ್ನು ಮತ್ತೆ ಹೊಂದಿಸಬೇಕಾದೀತು. ಮೊದಲ ಸಲ ಮಾಡುವವರಿಗೆ ಇಷ್ಟಕ್ಕೆಲ್ಲ ಅರ್ಧ ದಿನ ಬೇಕು, ಅವಸರವಿಲ್ಲದ ಭಾನುವಾರವನ್ನೇ ಆರಿಸಿಕೊಳ್ಳಿ.

ಬಿಡಿಭಾಗ ಬರಲು ವಾರ ಹಿಡಿದರೆ ಕಾರನ್ನು ನಿಲ್ಲಿಸಬೇಕಾಗಿಲ್ಲ. ತಾಪಮಾನದ ಫ್ಲಾಪನ್ನು ಕೈಯಿಂದ ತಂಪಿನ ತುದಿಗೆ ತಿರುಗಿಸಿ ಟೇಪಿನಿಂದ ಬಿಗಿದು, ಕನೆಕ್ಟರಿಗೆ ಪ್ಲಾಸ್ಟಿಕ್ ಸುತ್ತಿ ಓಡಿಸಬಹುದು. ಕೆಟ್ಟಿರುವುದು ಗಾಳಿಯ ದಿಕ್ಕಿನ ಮೋಟಾರ್ ಆಗಿದ್ದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮುಂಗಾಜು ಮಂಜುಗಟ್ಟಿದಾಗ ಗಾಜಿಗೆ ಗಾಳಿ ಹೋಗದಿದ್ದರೆ ಎದುರಿನ ತಿರುವೇ ಕಾಣುವುದಿಲ್ಲ. ಅಂಥ ಪ್ರಯಾಣವಿದ್ದರೆ ಆ ಫ್ಲಾಪನ್ನು ಗಾಜಿನ ದಿಕ್ಕಿಗೆ ಕಟ್ಟಿ ಹೊರಡಿ, ರೀಸರ್ಕ್ಯುಲೇಷನ್ ಬಿಟ್ಟು ಹೊರಗಿನ ಗಾಳಿಯನ್ನೇ ಇಡಿ.

ಹೊಸ ಮೋಟಾರ್ ಕೂತು ಸದ್ದು ನಿಂತ ಮೇಲೂ ಗಾಳಿ ಬೆಚ್ಚಗೇ ಇದ್ದರೆ ಒಂದು ಸಣ್ಣ ಥರ್ಮಾಮೀಟರನ್ನು ನಡುವಿನ ಕಿಂಡಿಗೆ ತೂರಿಸಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಅತಿ ತಂಪು, ಒಳಗಿನ ಗಾಳಿ, ಮಧ್ಯಮ ಬ್ಲೋವರ್ ಇಟ್ಟು ಹದಿನೈದು ನಿಮಿಷ ಓಡಿಸಿ. ಆರೋಗ್ಯವಾಗಿರುವ ಎಸಿ 10 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಬರದಿದ್ದರೆ ಆ ಅಂಕಿ, ಎಡ ಮತ್ತು ಬಲ ಕಿಂಡಿಗಳ ವ್ಯತ್ಯಾಸ, ಎಂಜಿನ್ ಕಡೆಯ ದಪ್ಪ ಪೈಪ್ ತಣ್ಣಗಿತ್ತೇ ಇಲ್ಲವೇ ಎಂಬುದು, ಈ ಮೂರನ್ನೂ ಬರೆದು ಕಳಿಸಿ. ಎರಡು ಬದಿಗಳ ನಡುವೆ ದೊಡ್ಡ ವ್ಯತ್ಯಾಸವಿದ್ದರೆ ಗ್ಯಾಸ್ ನಿಜಕ್ಕೂ ಕಡಿಮೆ ಇರುವ ಸಾಧ್ಯತೆಯೂ ಇದೆ. ಆಗ ತುಂಬಿಸುವ ಮೊದಲು ಸೋರುವ ಜಾಗವನ್ನು ಹುಡುಕಬೇಕು.